ಆಟದ ಪೆಟ್ಟಿಗೆಗೆ ಎಂತಹ ಗಾಜು?

ಹಳೆಯ ಟೆಲಿವಿಷನ್ ಚಿತ್ರನಳಿಗೆಯನ್ನು ಮರದ ಪೆಟ್ಟಿಗೆಯಲ್ಲಿ ಹೂಡಿ ಮನೆಯಲ್ಲಿಯೇ ಆರ್ಕೇಡ್ ಆಟದ ಯಂತ್ರವನ್ನು ಕಟ್ಟುವ ತರುಣರಿದ್ದಾರೆ. ಅದರ ಮುಂದೆ ನಿರ್ಮಲವಾದ ಗಾಜೇ ಲೇಸೆಂದು ಮೇಲುನೋಟಕ್ಕೆ ತೋರುವುದು. ನಿಜಸ್ಥಿತಿ ಬೇರೆ.

ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಹಿಂದೆ ಕಪ್ಪು-ಬಿಳುಪು ಚಿತ್ರನಳಿಗೆಗಳನ್ನು ತಯಾರಿಸುತ್ತಿತ್ತು. ಅಂತಹ ನಳಿಗೆ ಆರಿರುವಾಗ ನೋಡಿದರೆ ಪರದೆ ಕಪ್ಪಲ್ಲ, ಬೂದಿಬಣ್ಣ. ಒಳಗಿನ ಫಾಸ್ಫರ್ ಲೇಪವು ಕೋಣೆಯ ಬೆಳಕನ್ನು ಚದರಿಸುವುದೇ ಕಾರಣ. ಆಟದ ಇರುಳಾಕಾಶವೂ ಇದಕ್ಕಿಂತ ಕಪ್ಪಾಗಲಾರದು.

ಈಗ ಅರ್ಧ ಬೆಳಕನ್ನಷ್ಟೇ ಬಿಡುವ ಹೊಗೆಬಣ್ಣದ ಗಾಜನ್ನು ಮುಂದಿಡೋಣ. ಚಿತ್ರದ ಬೆಳಕು ಅದನ್ನು ಒಮ್ಮೆ ದಾಟಿ 1/2 ಆಗುವುದು. ಕೋಣೆಯ ಬೆಳಕಾದರೋ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟಿ 1/4 ಆಗುವುದು. ಚಿತ್ರ ತುಸು ಮಂಕಾದರೂ ಕಪ್ಪು ಅದಕ್ಕಿಂತ ಹೆಚ್ಚು ಕಪ್ಪಾಯಿತು!

ಗಾಜಿನ ಹೊರಮೈ ಪ್ರತಿಫಲಿಸುವ ಶೇಕಡಾ 4ರಷ್ಟು ಬೆಳಕಿಗೆ ಈ ಉಪಾಯ ನಾಟದು. ಮೇಲಂಚನ್ನು ಆಟಗಾರನೆಡೆಗೆ ಬಾಗಿಸಿದರೆ ದೀಪದ ಬದಲು ಕತ್ತಲೆಯ ನೆಲ ಪ್ರತಿಬಿಂಬಿಸುವುದು. ಸುತ್ತಲಿನ ಚೌಕಟ್ಟು ಮಿರುಗದ ಕಪ್ಪಾಗಿರಲಿ.

ಸಾಧಾರಣ ಕಿಟಕಿಗಾಜು ಬೇಡವೇ ಬೇಡ. ನಿರ್ವಾತ ನಳಿಗೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋಗ್ರಾಂ ವಾಯುಭಾರವಿದೆ. ಸೋತ ರೋಷದಲ್ಲಿ ಗುದ್ದುವ ಆಟಗಾರರೂ ಉಂಟಷ್ಟೆ. ಕಾಯಿಸಿ ಥಟ್ಟನೆ ತಣಿಸಿದ ಗಟ್ಟಿಗಾಜು ಒಡೆದರೆ ಚೂರಿಗಳಾಗದೆ ಮೊಂಡು ಹರಳುಗಳಾಗುವುದು. ಅದನ್ನು ಮತ್ತೆ ಕೊಯ್ಯಲಾಗದು. ಯಶವಂತಪುರದ ಅಂಗಡಿಗೆ ಹೊರಡುವ ಮುನ್ನವೇ ಅಳತೆ ಸರಿಯಿರಬೇಕು.