ಒಂದು ಹುಲಿಗೆ 500 ಜಿಂಕೆ

ಕಾಡೊಂದರಲ್ಲಿ ಎಷ್ಟು ಹುಲಿಗಳು ಬದುಕಬಲ್ಲವು ಎಂಬ ಲೆಕ್ಕ ಶುರುವಾಗುವುದು ಹುಲ್ಲಿನಿಂದ.

ಬೆಳೆದ ಹುಲಿ ವಾರಕ್ಕೆ ಒಂದರಂತೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ಕೊಲ್ಲುತ್ತದೆ. ಜಿಂಕೆ, ಕಡವೆ, ಕಾಟಿಗಳು ತಾಳಬಲ್ಲ ನಷ್ಟಕ್ಕೂ ಒಂದು ಮಿತಿಯಿದೆ. ಚಿರತೆ, ಸೀಳುನಾಯಿ, ರೋಗ, ಬರಗಾಲ ಎಲ್ಲವೂ ತಮ್ಮ ತಮ್ಮ ಪಾಲು ಕಿತ್ತುಕೊಂಡ ಮೇಲೆ, ನೂರಕ್ಕೆ ಹತ್ತರಷ್ಟು ಹುಲಿಗೆ ಹೋದರೆ ಹೊಸ ಮರಿಗಳು ಆ ನಷ್ಟ ತುಂಬುತ್ತವೆ. ಅಂದರೆ ಹುಲಿ ಬಡ್ಡಿಯಲ್ಲಿ ಬದುಕಬೇಕು, ಅಸಲಿಗೆ ಕೈಹಾಕಬಾರದು. 50ರ ಬಡ್ಡಿ ಬರಲು 500ರ ಅಸಲು ಬೇಕು. 10 ಹುಲಿಗಳಿಗೆ 5,000.

ಈ ಅಸಲು ಬೆಳೆಯುವುದು ಮೇವಿದ್ದಲ್ಲಿ. ಕರ್ನಾಟಕದ ನಾಗರಹೊಳೆ ಕಾಡಿನಲ್ಲಿ ಮರಗಳ ನಡುವೆ ಅಲ್ಲಲ್ಲಿ ಹಡ್ಲುಗಳಿವೆ. ಜೌಗು ಮಣ್ಣಿನ ಈ ತಗ್ಗು ಬಯಲುಗಳಲ್ಲಿ ಸುತ್ತಲಿನ ಕಾಡು ಒಣಗಿದಾಗಲೂ ಹುಲ್ಲು ಹಸಿರಾಗಿರುತ್ತದೆ. ಜಿಂಕೆಗಳು ಹಿಂಡುಗಟ್ಟಿ ಮೇಯುತ್ತವೆ. ಬೇಸಿಗೆಯಲ್ಲಿ ಈ ಕಾಡಿನಂಚಿನ ಕಬಿನಿ ಜಲಾಶಯದ ಹಿನ್ನೀರು ಇಳಿದಂತೆ ದಡದಲ್ಲಿ ಎಳೆಹುಲ್ಲು ಚಿಗುರುತ್ತದೆ. ಆನೆ, ಕಾಟಿಗಳು ಅಲ್ಲಿಗೆ ಇಳಿದು, ಮಳೆ ಬಿದ್ದ ಮೇಲೆ ಮತ್ತೆ ಒಳಗಾಡಿಗೆ ಚದುರುತ್ತವೆ. ಹಾಗಾಗಿ ಏಪ್ರಿಲ್‌ನಲ್ಲಿ ಹಿನ್ನೀರಿನ ದಡದಲ್ಲಿ ಕಂಡ ಹಿಂಡನ್ನು ನೋಡಿ ಇಡೀ ಕಾಡಿನ ಪ್ರಾಣಿಗಳ ಸಂಖ್ಯೆ ಊಹಿಸಲಾಗದು.

ಒಂದೇ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಹೇಗೆ ಬಾಳುತ್ತವೆ? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಈ ಪ್ರಾಣಿಗಳ ಮಲವನ್ನೂ ಬೇಟೆಯ ಅವಶೇಷಗಳನ್ನೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಹುಲಿಯ ಒಲವು ಕಾಟಿ, ಕಡವೆಯಂಥ ದೊಡ್ಡ ಬೇಟೆಯತ್ತ. ಉಳಿದೆರಡಕ್ಕೂ ಜಿಂಕೆಯ ಗಾತ್ರದ್ದು ಸಾಕು. ಸೀಳುನಾಯಿ ಹಗಲು ಹೊತ್ತು ಗುಂಪುಗೂಡಿ ಓಡಿಸಿ ಹಿಡಿದರೆ, ಚಿರತೆ ಹೊಂಚುಹಾಕಿ ಒಂಟಿಯಾಗಿ ಹಿಡಿಯುತ್ತದೆ. ಬೇಟೆ ಬಗೆಬಗೆಯದಾಗಿ, ಹೇರಳವಾಗಿ ಇರುವವರೆಗೆ ಈ ಹಂಚಿಕೆ ನಡೆಯುತ್ತದೆ.

ಬೇಟೆ ಎಷ್ಟು ದಟ್ಟವಾಗಿದೆಯೋ ಹುಲಿಯ ಸರಹದ್ದು ಅಷ್ಟು ಚಿಕ್ಕದು. ನಾಗರಹೊಳೆಯಂಥ ಕಾಡಿನಲ್ಲಿ ಹೆಣ್ಣುಹುಲಿಗೆ 15–20 ಚದರ ಕಿಲೋಮೀಟರ್ ಸಾಕು. ಬೇಟೆ ವಿರಳವಾದ ರಷ್ಯಾದ ಪೂರ್ವದಂಚಿನ ಕಾಡುಗಳಲ್ಲಿ ಅದಕ್ಕೆ 400ರ ಆಸುಪಾಸು ಬೇಕು. ಹುಲಿ ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ ಹಾಕುತ್ತದೆ. ಎರಡು ವರ್ಷದ ಹೊತ್ತಿಗೆ ಅವು ತಾಯಿಯನ್ನು ಬಿಟ್ಟು ತಮ್ಮದೇ ಜಾಗ ಹುಡುಕಬೇಕು. ಒಳಗೆ ಜಾಗವಿಲ್ಲದಿದ್ದರೆ ಪ್ರಾಯದ ಹುಲಿಗಳೂ, ಸೋತ ಮುದಿ ಹುಲಿಗಳೂ ಕಾಡಂಚಿಗೆ ಬೀಳುತ್ತವೆ. ಕಾಫಿ ತೋಟದಲ್ಲಿ, ಹೊಲದ ಬದಿಯಲ್ಲಿ ಕಾಣಿಸಿಕೊಳ್ಳುವ ಹುಲಿ ಹಲವು ಸಲ ಇಂಥದ್ದೇ.

ಕಾಡಿನ ವಿಸ್ತೀರ್ಣ ನಕ್ಷೆಯಲ್ಲಿ ಹಾಗೇ ಇದ್ದರೂ ಪ್ರಾಣಿಗಳನ್ನು ಪೊರೆಯುವ ಅದರ ಸಾಮರ್ಥ್ಯ ಕುಸಿಯಬಹುದು. ಲಂಟಾನ ಕಳೆ ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಕಳ್ಳಬೇಟೆಯ ಉರುಳಿಗೆ ಜಿಂಕೆಗಳು ಸಿಕ್ಕರೆ ಹುಲಿಗೆ ಒಂದು ಗುಂಡೂ ತಗುಲದೆ ಅದರ ಸಂತತಿ ಇಳಿಯುತ್ತದೆ.

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563. ಮುಂದೆ ಈ ಅಂಕಿ ಏರಲಿ, ಇಳಿಯಲಿ, ಜೊತೆಗೆ ಮೂರು ಪ್ರಶ್ನೆ ಕೇಳಿ: ಜಿಂಕೆ, ಕಾಟಿಗಳ ಸಂಖ್ಯೆ ಏನಾಯಿತು? ಮೇವಿನ ಜಾಗ ಹಿಗ್ಗಿತೇ, ಕುಗ್ಗಿತೇ? ಹೊರಬಿದ್ದ ಹುಲಿಗೆ ಪಕ್ಕದ ಕಾಡು ಸೇರಲು ದಾರಿ ಉಳಿದಿದೆಯೇ? ಇವಕ್ಕೆ ಉತ್ತರ ಸಿಗದೆ ಬರೀ ಹುಲಿಯ ಅಂಕಿಯಿಂದ ಕಾಡಿನ ಆರೋಗ್ಯ ತಿಳಿಯುವುದಿಲ್ಲ.