ದಾಟುವ ಹಡಗು, ತಂಗುವ ಹಡಗು

ಒಂದೇ ಅಟ್ಲಾಂಟಿಕ್ ಸಾಗರ. ಒಂದೇ ಬಗೆಯ ಉಕ್ಕು. ಎರಡನ್ನೂ ತೇಲಿಸುವುದು ಆರ್ಕಿಮಿಡೀಸನ ಒಂದೇ ತತ್ತ್ವ. ಆದರೂ ಕ್ಯೂನಾರ್ಡ್ ಕಂಪೆನಿಯ ಹಡಗಿನಲ್ಲಿ ಏಳು ರಾತ್ರಿ ಕಳೆದವರನ್ನೂ ರಾಯಲ್ ಕೆರಿಬಿಯನ್ ಕಂಪೆನಿಯ ಹಡಗಿನಲ್ಲಿ ಏಳು ರಾತ್ರಿ ಕಳೆದವರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ, ಅವರು ಎರಡು ಬೇರೆ ಲೋಕಗಳನ್ನೇ ವರ್ಣಿಸುವರು. ಮೊದಲನೆಯವರ ಮಾತಿನಲ್ಲಿ ಗ್ರಂಥಾಲಯ, ಸಂಜೆಯ ನೃತ್ಯ, ಕೊನೆಯಿಲ್ಲದ ನೀರು. ಎರಡನೆಯವರ ಮಾತಿನಲ್ಲಿ ಈಜುಕೊಳ, ಜಾರುಬಂಡೆ, ಮಕ್ಕಳ ಗದ್ದಲ, ನಡುವೆ ಒಂದು ಉದ್ಯಾನ. ಈ ಭೇದಕ್ಕೆ ಹಣ ಮತ್ತು ಅಭಿರುಚಿಗಳೇ ಕಾರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧ ಸತ್ಯವು ಹಡಗಿನ ಅಗಲದಲ್ಲಿಯೂ ವೇಗದಲ್ಲಿಯೂ ಅದು ಎದುರಿಸಬೇಕಾದ ತೆರೆಗಳ ಉದ್ದದಲ್ಲಿಯೂ ಅಡಗಿದೆ. ಅದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಈ ಎರಡು ಕಂಪೆನಿಗಳ ಹುಟ್ಟನ್ನು ತಿಳಿಯಬೇಕು. ಕ್ಯೂನಾರ್ಡ್ ಹುಟ್ಟಿದ್ದು ಅಂಚೆಗಾಗಿ. 1840ರ ಜುಲೈ 4ರಂದು ಅದರ ‘ಬ್ರಿಟಾನಿಯಾ’ ಎಂಬ ಮರದ ಉಗಿಹಡಗು ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಹೊರಟಿತು. ಅದರ ಉದ್ದ ಕೇವಲ 63 ಮೀಟರು. 1842ರ ಚಳಿಗಾಲದಲ್ಲಿ ಅದೇ ಹಡಗಿನಲ್ಲಿ ಪ್ರಯಾಣ ಮಾಡಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಕೋಣೆಯ ಇಕ್ಕಟ್ಟನ್ನೂ ಕಡಲಿನ ಕೋಟಲೆಯನ್ನೂ ತನ್ನ ಪ್ರವಾಸಕಥನದಲ್ಲಿ ಬಣ್ಣಿಸಿದ್ದಾನೆ. ಅಂದಿನ ಪ್ರಯಾಣಿಕನಿಗೆ ಹಡಗು ಒಂದು ಸಾಧನ ಮಾತ್ರ. ಆಚೆಯ ದಡವೇ ಗುರಿ. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ಪ್ರಯಾಣಿಕರನ್ನು ಕೊಂಡೊಯ್ಯತೊಡಗಿದುವು. ದಿನಗಳ ದಾರಿ ಗಂಟೆಗಳಿಗೆ ಇಳಿಯಿತು. ದಾಟುವ ಕೆಲಸ ಹಡಗುಗಳ ಕೈತಪ್ಪಿತು. ಅದಾದ ಹತ್ತು ವರ್ಷಗಳಲ್ಲಿ, 1968ರಲ್ಲಿ, ಮೂರು ನಾರ್ವೇಜಿಯನ್ ಸಂಸ್ಥೆಗಳು ಸೇರಿ ರಾಯಲ್ ಕೆರಿಬಿಯನ್ ಕಂಪೆನಿಯನ್ನು ಸ್ಥಾಪಿಸಿದುವು. ಅದರ ಮೊದಲ ಹಡಗು 1970ರಲ್ಲಿ ಮಯಾಮಿಯಿಂದ ಸಂಚಾರ ತೊಡಗಿತು. ಈ ಕಂಪೆನಿಗೆ ಆಚೆಯ ದಡದ ಚಿಂತೆಯಿಲ್ಲ. ಹೊರಟ ಬಂದರಿಗೇ ಮರಳಿ ಬರುವುದು ಅದರ ಕ್ರಮ. ಅಲ್ಲಿ ಹಡಗೇ ಗುರಿ.

ಈ ಎರಡು ಉದ್ದೇಶಗಳ ಪ್ರತಿನಿಧಿಗಳಾಗಿ ಎರಡು ಹಡಗುಗಳನ್ನು ಆರಿಸಿಕೊಳ್ಳೋಣ. ಕ್ಯೂನಾರ್ಡಿನ ‘ಕ್ವೀನ್ ಮೇರಿ 2’ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ನಿರ್ಮಾಣಗೊಂಡು 2004ರ ಜನವರಿಯಲ್ಲಿ ಮೊದಲ ಯಾತ್ರೆ ಮಾಡಿತು. ಉದ್ದ 345 ಮೀಟರು, ನೀರಿನ ಮಟ್ಟದಲ್ಲಿ ಅಗಲ 41 ಮೀಟರು, ಪ್ರಯಾಣಿಕರು ಸುಮಾರು 2,700. ರಾಯಲ್ ಕೆರಿಬಿಯನ್ನಿನ ‘ಐಕಾನ್ ಆಫ್ ದಿ ಸೀಸ್’ ಫಿನ್ಲೆಂಡಿನ ಟುರ್ಕುವಿನಲ್ಲಿ ನಿರ್ಮಾಣಗೊಂಡು 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟಿತು. ಉದ್ದ 365 ಮೀಟರು, ಅಗಲ ಸುಮಾರು 48 ಮೀಟರು. ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೆ ಪ್ರಯಾಣಿಕರು 5,610, ತುಂಬಿ ತುಳುಕಿದಾಗ 7,600. ಮೊದಲನೆಯದರ ಟನ್ನೇಜು 1 ಲಕ್ಷ 49 ಸಾವಿರ. ಎರಡನೆಯದರದು 2 ಲಕ್ಷ 48 ಸಾವಿರ.

ಈ ‘ಟನ್ನೇಜು’ ಎಂಬ ಮಾತಿನಿಂದ ಮೋಸಹೋಗಬಾರದು. ಅದು ತೂಕವಲ್ಲ, ಹಡಗಿನ ಒಳಗಿನ ಅವಕಾಶದ, ಅಂದರೆ ಗಾತ್ರದ ಅಳತೆ. ಕ್ವೀನ್ ಮೇರಿ 2 ಪಕ್ಕಕ್ಕೆ ಸರಿಸುವ ನೀರಿನ ತೂಕ, ಆದ್ದರಿಂದ ಹಡಗಿನ ನಿಜವಾದ ತೂಕ, ಸುಮಾರು 80 ಸಾವಿರ ಟನ್ನುಗಳಷ್ಟೆ. ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವ ಅವಕಾಶ ದೊರೆಯುತ್ತದೆ: ಕ್ವೀನ್ ಮೇರಿಯಲ್ಲಿ ಸುಮಾರು 55, ಐಕಾನಿನಲ್ಲಿ ಸುಮಾರು 44. ದೊಡ್ಡ ಹಡಗೆಂದ ಮಾತ್ರಕ್ಕೆ ಒಬ್ಬೊಬ್ಬನಿಗೂ ಹೆಚ್ಚು ಜಾಗವೆಂದು ಅರ್ಥವಲ್ಲ.

ದಿನಚರಿಯೂ ಬೇರೆ. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಕ್ವೀನ್ ಮೇರಿಗೆ ನಡುವೆ ಬಂದರೇ ಇಲ್ಲ. ಬೆಳಗ್ಗೆ ಹಡಗಿನ ಸುತ್ತಲೂ ಹಾದಿರುವ ಮೊಗಸಾಲೆಯಲ್ಲಿ ಪ್ರದಕ್ಷಿಣೆ, ಮಧ್ಯಾಹ್ನ ಉಪನ್ಯಾಸ ಅಥವಾ ಚಹಾಕೂಟ, ರಾತ್ರಿ ಶಿಸ್ತಿನ ಉಡುಪಿನ ಭೋಜನ. ಕಡಲಿನ ಮೇಲಣ ಮೊತ್ತಮೊದಲ ತಾರಾಲಯವೂ ಈ ಹಡಗಿನಲ್ಲಿಯೇ ಇದೆ. ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಗಳ ಕಾಲಭೇದವನ್ನು ವಿಮಾನದ ಪ್ರಯಾಣಿಕನು ಒಂದೇ ಏಟಿಗೆ ಉಣ್ಣಬೇಕು. ಇಲ್ಲಿಯಾದರೋ ಐದು ರಾತ್ರಿ ಒಂದೊಂದು ಗಂಟೆಯಂತೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಪಡುವಣಕ್ಕೆ ಹೋಗುವವರಿಗೆ ಐದು ದಿನಗಳು 25 ಗಂಟೆಯ ದಿನಗಳಾಗುತ್ತವೆ! ಐಕಾನಿನಲ್ಲಿ ಏಳು ಈಜುಕೊಳಗಳು, ಆರು ನೀರಿನ ಜಾರುಬಂಡೆಗಳು, ಒಂದು ಹಿಮಜಾರಾಟದ ಕಣ, ನಿಜವಾದ ಗಿಡಗಳಿರುವ ಒಂದು ತೋಟ. ಹಡಗು ದ್ವೀಪದಿಂದ ದ್ವೀಪಕ್ಕೆ ಸಾಗಿ ಹೆಚ್ಚಾಗಿ ಹಗಲು ಬಂದರಿನಲ್ಲಿ ನಿಂತಿರುತ್ತದೆ.

ಇನ್ನು ತೆರೆಗಳ ವಿಚಾರ. ಆಳವಾದ ನೀರಿನಲ್ಲಿ ತೆರೆಯ ಆವರ್ತಕಾಲವನ್ನು ಸೆಕೆಂಡುಗಳಲ್ಲಿ ತೆಗೆದುಕೊಂಡು ಅದರ ವರ್ಗವನ್ನು 1.56ರಿಂದ ಗುಣಿಸಿದರೆ ತೆರೆಯ ಉದ್ದವು ಮೀಟರುಗಳಲ್ಲಿ ಬರುತ್ತದೆ. ಕೆರಿಬಿಯನ್ ಸಮುದ್ರದ ವಾಣಿಜ್ಯ ಮಾರುತಗಳು ಎಬ್ಬಿಸುವ ಆರೇಳು ಸೆಕೆಂಡುಗಳ ತೆರೆಯ ಉದ್ದ 56ರಿಂದ 76 ಮೀಟರು. ಅಂತಹ ಐದಾರು ತೆರೆಗಳು ಒಮ್ಮೆಗೇ ಐಕಾನಿನ ತಳದಡಿಯಲ್ಲಿ ಇರುತ್ತವೆ. ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿದು, ಅವುಗಳ ಒತ್ತಡಗಳು ಪರಸ್ಪರ ತೀರಿಹೋಗುತ್ತವೆ. ಹಡಗು ಅಲುಗುವುದು ಅತ್ಯಲ್ಪ. ಉತ್ತರ ಅಟ್ಲಾಂಟಿಕ್ಕಿನ ಚಳಿಗಾಲದ ಬಿರುಗಾಳಿಯಲ್ಲಿ ಇದೇ ಲೆಕ್ಕ ಬೇರೆಯಾಗುತ್ತದೆ. 10 ಸೆಕೆಂಡಿನ ತೆರೆ 156 ಮೀಟರು ಉದ್ದ; 15 ಸೆಕೆಂಡಿನದು 351 ಮೀಟರು. ಅದು ಹೆಚ್ಚುಕಡಮೆ ಕ್ವೀನ್ ಮೇರಿಯ ಉದ್ದವೇ! ಉದ್ದದಲ್ಲಿ ತನಗೆ ಸರಿಸಮನಾದ ತೆರೆ ಎದುರಾದಾಗ ಎಂತಹ ಹಡಗಾದರೂ ಮುಂಬದಿಯನ್ನು ಎತ್ತಿ ಇಳಿಸಲೇಬೇಕು. ಡಿಕನ್ಸನ 63 ಮೀಟರಿನ ಹಡಗು ಹತ್ತು ಸೆಕೆಂಡಿನ ತೆರೆಯ ಬೆನ್ನೇರಿ ಮತ್ತೆ ಹಳ್ಳಕ್ಕಿಳಿದು ಸಾಗುತ್ತಿತ್ತೆಂಬುದನ್ನು ನೆನೆದರೆ ಅವನ ಸಂಕಟ ಅರ್ಥವಾದೀತು.

ಈ ಏರಿಳಿತವು ಹೊಟ್ಟೆಯನ್ನು ಏಕೆ ಕಲಕುತ್ತದೆ? ನಮ್ಮ ಒಳಗಿವಿಯಲ್ಲಿ ವೇಗೋತ್ಕರ್ಷವನ್ನು ಅರಿಯುವ ಅಂಗಗಳಿವೆ. ಸುತ್ತಲಿನ ಗೋಡೆ ಅಲುಗುತ್ತಿಲ್ಲವೆಂದು ಕಣ್ಣು ಹೇಳಿದಾಗ, ಅಲುಗುತ್ತಿದೆಯೆಂದು ಕಿವಿ ಸಾರುತ್ತದೆ. ಈ ಜಗಳದ ಫಲವೇ ತಲೆಸುತ್ತು, ಓಕರಿಕೆ. ಸುಮಾರು ಐದಾರು ಸೆಕೆಂಡಿಗೊಮ್ಮೆ ಆಗುವ ಮೇಲು-ಕೆಳಗಿನ ಚಲನೆ ಎಲ್ಲಕ್ಕಿಂತ ಹೆಚ್ಚು ಪೀಡಿಸುತ್ತದೆಂದು ಪ್ರಯೋಗಗಳಿಂದ ಗೊತ್ತಾಗಿದೆ. ಒಂದು ಲೆಕ್ಕವನ್ನು ನೋಡಿ. ಹಡಗು 10 ಸೆಕೆಂಡಿನ ಆವರ್ತದಲ್ಲಿ ಹಿಂದುಮುಂದಕ್ಕೆ ಒಂದೇ ಒಂದು ಡಿಗ್ರಿ ಓಲುತ್ತಿದೆಯೆನ್ನಿ. ನಡುಭಾಗದಿಂದ 150 ಮೀಟರು ಮುಂದಿರುವ ಕೋಣೆ 2.6 ಮೀಟರು ಏರಿ ಅಷ್ಟೇ ಇಳಿಯುತ್ತದೆ. ಅಲ್ಲಿಯ ಗರಿಷ್ಠ ವೇಗೋತ್ಕರ್ಷ ಗುರುತ್ವದ ಹತ್ತನೆಯ ಒಂದು ಭಾಗ. 60 ಕಿಲೋಗ್ರಾಂ ತೂಗುವವನಿಗೆ ಒಮ್ಮೆ ತಾನು 66 ಕಿಲೋ ಆದಂತೆಯೂ ಮರುಕ್ಷಣ 54 ಕಿಲೋ ಆದಂತೆಯೂ ತೋರುತ್ತದೆ. ನಡುವಿನಿಂದ 15 ಮೀಟರು ದೂರದಲ್ಲಿರುವವನಿಗೆ ಈ ಬದಲಾವಣೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ಆದುದರಿಂದ ಕಡಲ ಬೇನೆಗೆ ಅಂಜುವವರು ಹಡಗಿನ ನಡುಭಾಗದಲ್ಲಿ, ಕೆಳಗಣ ಅಂತಸ್ತಿನಲ್ಲಿ ಕೋಣೆ ಹಿಡಿಯುವುದು ಲೇಸು. ಕಂಪೆನಿ ಯಾವುದಾದರೂ ಈ ನಿಯಮ ಬದಲಾಗದು.

ಪಕ್ಕದಿಂದ ಪಕ್ಕಕ್ಕೆ ಆಗುವ ಹೊರಳಾಟದ ಕಥೆ ಇನ್ನೂ ಸ್ವಾರಸ್ಯಕರ. ಹಡಗು ತುಸು ವಾಲಿದಾಗ ತೇಲಿಸುವ ಬಲದ ರೇಖೆ ಹಡಗಿನ ನಡುರೇಖೆಯನ್ನು ಕತ್ತರಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಅದು ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ ಹಡಗು ಮತ್ತೆ ನೆಟ್ಟಗಾಗುತ್ತದೆ, ಕೆಳಗಿದ್ದರೆ ಮಗುಚುತ್ತದೆ. ಹಾಗಾದರೆ ಈ ಎರಡು ಬಿಂದುಗಳ ಅಂತರ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ? ಸುರಕ್ಷತೆಗೆ ಒಳ್ಳೆಯದು, ಸುಖಕ್ಕೆ ಅಲ್ಲ. ಹೊರಳಾಟದ ಆವರ್ತಕಾಲವು ಈ ಅಂತರದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. 40 ಮೀಟರು ಅಗಲದ ಹಡಗಿನಲ್ಲಿ ಅಂತರ ಒಂದು ಮೀಟರಾದರೆ ಒಂದು ಹೊರಳಾಟಕ್ಕೆ ಸುಮಾರು 32 ಸೆಕೆಂಡು. ನಾಲ್ಕು ಮೀಟರಾದರೆ 16 ಸೆಕೆಂಡು. ಆವರ್ತಕಾಲ ಅರ್ಧವಾದರೆ, ಅಷ್ಟೇ ಓಲಾಟಕ್ಕೆ ವೇಗೋತ್ಕರ್ಷ ನಾಲ್ಕು ಮಡಿ. ಮೊದಲನೆಯದು ತೊಟ್ಟಿಲಿನ ತೂಗು. ಎರಡನೆಯದು ಕಲ್ಲುಹಾದಿಯಲ್ಲಿ ಎತ್ತಿನ ಗಾಡಿಯ ಎಳೆತ. ಸುರಕ್ಷತೆಗೆ ಬೇಕಾದಷ್ಟು ಅಂತರವನ್ನು ಇಟ್ಟು ಅದಕ್ಕಿಂತ ಅತಿಯಾಗಿ ಹೆಚ್ಚಿಸದಿರುವುದೇ ವಿನ್ಯಾಸಕಾರನ ಜಾಣ್ಮೆ. ಇದಕ್ಕೆ ನೆರವಾಗಿ ದೊಡ್ಡ ಪ್ರಯಾಣಿಕ ಹಡಗುಗಳ ಪಕ್ಕದಲ್ಲಿ, ನೀರಿನೊಳಗೆ, ಮೀನಿನ ಈಜುರೆಕ್ಕೆಯಂತಹ ಹಲಗೆಗಳಿರುತ್ತವೆ. ಅವುಗಳ ಬಲ ವೇಗದ ವರ್ಗಕ್ಕೆ ಅನುಗುಣ. ಹಡಗು ನಿಧಾನವಾದಂತೆ ಅವು ಸೋಲುತ್ತವೆ.

ಈಗ ಐಕಾನಿನ ತೋಟಕ್ಕೆ ಬರೋಣ. ಇಪ್ಪತ್ತು ಅಂತಸ್ತು ಕಟ್ಟಿ ತುದಿಯಲ್ಲಿ ನೀರು ತುಂಬಿದ ಕೊಳಗಳನ್ನಿಟ್ಟರೆ ಗುರುತ್ವಕೇಂದ್ರ ಮೇಲೇರುತ್ತದೆ. ಅದನ್ನು ಸರಿದೂಗಿಸುವ ದಾರಿ ಹಡಗನ್ನು ಅಗಲಗೊಳಿಸುವುದು. ವಾಲುವಿಕೆಯನ್ನು ತಡೆಯುವ ಶಕ್ತಿ ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಅಗಲ ನೂರಕ್ಕೆ ಹತ್ತು ಹೆಚ್ಚಿದರೆ ಆ ಶಕ್ತಿ ನೂರಕ್ಕೆ ಮೂವತ್ತಮೂರು ಹೆಚ್ಚುತ್ತದೆ. ಆದರೆ ಅಗಲವಾದ ಹಡಗಿನ ನಡುವಿನ ಕೋಣೆಗಳಿಗೆ ಕಿಟಕಿಯೆಲ್ಲಿ? ಆದುದರಿಂದ ಮೇಲಿನ ಕಟ್ಟಡವನ್ನು ಉದ್ದುದ್ದವಾಗಿ ಎರಡಾಗಿ ಸೀಳಿ, ನಮ್ಮ ತೊಟ್ಟಿಮನೆಯಂತೆ ನಡುವೆ ಬಯಲು ಬಿಟ್ಟರು. ಆ ಬಯಲಿನಲ್ಲಿ ತೋಟ ಬೆಳೆಯಿತು. ಪ್ರಯಾಣಿಕನು ಕಂಪೆನಿಯ ಔದಾರ್ಯವೆಂದು ತಿಳಿಯುವ ಹಸುರಿನ ಹಿಂದೆ ಅಗಲದ ಗಣಿತವೂ ಇದೆ.

ಕ್ವೀನ್ ಮೇರಿಗೆ ಈ ದಾರಿ ಹಿಡಿಯಲು ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ವೇಗ ಬೇಕು. ಅದರ ಉದ್ದವು ಅಗಲದ 8.4 ಪಟ್ಟು, ಐಕಾನಿನದು 7.5 ಪಟ್ಟು. ತೆಳ್ಳನೆಯ ಒಡಲು ನೀರನ್ನು ಸುಲಭವಾಗಿ ಸೀಳುತ್ತದೆ. ಕ್ವೀನ್ ಮೇರಿಯ ಗರಿಷ್ಠ ವೇಗ ಸುಮಾರು 30 ನಾಟ್, ಅಂದರೆ ಗಂಟೆಗೆ 55 ಕಿಲೋಮೀಟರು; ಐಕಾನಿನದು 22 ನಾಟ್. ಭೇದ ಅಲ್ಪವೆಂದು ತೋರಬಹುದು. ಆದರೆ ಬೇಕಾಗುವ ಸಾಮರ್ಥ್ಯ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣ: ಒಂದೇ ಹಡಗನ್ನು 22ರಿಂದ 30 ನಾಟಿಗೆ ಏರಿಸಲು ಎರಡೂವರೆ ಪಟ್ಟು ಸಾಮರ್ಥ್ಯ ಬೇಕು. ಐಕಾನಿನ ಆರು ಎಂಜಿನುಗಳ ಒಟ್ಟು ಸಾಮರ್ಥ್ಯ 67 ಮೆಗಾವಾಟು. ಅದಕ್ಕಿಂತ ಬಹು ಚಿಕ್ಕದಾದ ಕ್ವೀನ್ ಮೇರಿಯಲ್ಲಿ ನಾಲ್ಕು ಡೀಸೆಲ್ ಎಂಜಿನುಗಳಿಂದಲೇ 67 ಮೆಗಾವಾಟು, ಅದರ ಮೇಲೆ ಎರಡು ಗ್ಯಾಸ್ ಟರ್ಬೈನುಗಳಿಂದ 50 ಮೆಗಾವಾಟು! ಸುಮಾರು 5,800 ಕಿಲೋಮೀಟರಿನ ದಾರಿಯನ್ನು ಏಳು ದಿನಗಳಲ್ಲಿ ಮುಗಿಸಲು ಸರಾಸರಿ 19 ನಾಟ್ ಸಾಕು. ಉಳಿದ ಶಕ್ತಿ ಆಪದ್ಧನವಿದ್ದಂತೆ: ಬಿರುಗಾಳಿಯಲ್ಲಿ ಕಳೆದುಕೊಂಡ ಗಂಟೆಗಳನ್ನು ಮರಳಿ ಗಳಿಸುವುದಕ್ಕೆ. ಕೆರಿಬಿಯನ್ನಿನ ಹಡಗು ಬಿರುಗಾಳಿಯ ಸುಳಿವು ಸಿಕ್ಕರೆ ಬೇರೆ ದ್ವೀಪಕ್ಕೆ ತಿರುಗಬಹುದು. ಸಾಗರದ ನಟ್ಟನಡುವೆ ಇರುವ ಹಡಗಿಗೆ ತಿರುಗಲು ದ್ವೀಪವಿಲ್ಲ. ಅದಕ್ಕಾಗಿಯೇ ಕ್ವೀನ್ ಮೇರಿಯ ಒಡಲಿಗೆ ಹೆಚ್ಚು ಉಕ್ಕು ಹಾಕಿದ್ದಾರೆ. ಪ್ರಾಣರಕ್ಷಕ ದೋಣಿಗಳನ್ನು ಮಹಾತೆರೆಗಳ ಹೊಡೆತಕ್ಕೆ ಸಿಕ್ಕದಂತೆ ನೀರಿನಿಂದ ಸುಮಾರು 25 ಮೀಟರು ಎತ್ತರದಲ್ಲಿ ತೂಗಹಾಕಿದ್ದಾರೆ.

ಈ ಸುಖಕ್ಕೆ ತೆರಬೇಕಾದ ಬೆಲೆ ಟಿಕೇಟಿನಲ್ಲಿ ಮಾತ್ರ ಇರುವುದಿಲ್ಲ. ಐಕಾನ್ ಉರಿಸುವುದು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗಿಸಿದ ನೈಸರ್ಗಿಕ ಅನಿಲವನ್ನು. ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಮೆ. ಉರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡೂ ಎಣ್ಣೆಗಿಂತ ಕಡಮೆ. ಆದರೆ ಉರಿಯದೆ ನುಸುಳಿಹೋಗುವ ಮೀಥೇನ್, 20 ವರ್ಷಗಳ ಅವಧಿಯ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಮಡಿ ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ನುಸುಳುವ ಪಾಲು ಎಷ್ಟೆಂಬುದರ ಮೇಲೆ ಲಾಭ ನಷ್ಟವಾಗಬಹುದು. ಕ್ವೀನ್ ಮೇರಿಯಂತಹ ಹಡಗಿಗಾದರೋ ಉಳಿತಾಯದ ಕೀಲಿಕೈ ವೇಗದಲ್ಲಿದೆ: ವೇಗವನ್ನು ನೂರಕ್ಕೆ ಹತ್ತು ತಗ್ಗಿಸಿದರೆ, ಅಷ್ಟೇ ದೂರಕ್ಕೆ ಹಡಗನ್ನು ನೂಕಲು ಬೇಕಾಗುವ ಇಂಧನ ನೂರಕ್ಕೆ ಸುಮಾರು ಹತ್ತೊಂಬತ್ತು ತಗ್ಗುತ್ತದೆ.

ಹಾಗಾದರೆ ಯಾವ ಹಡಗು ಮೇಲು? ವಿಜ್ಞಾನದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳಬೇಕು: ಯಾವ ಕಡಲಿಗೆ, ಯಾವ ಕೆಲಸಕ್ಕೆ? ಅಗಲ ಕೊಟ್ಟು ವೇಗ ಬಿಟ್ಟವರಿಗೆ ತೋಟ ಸಿಕ್ಕಿತು. ವೇಗ ಹಿಡಿದು ಅಗಲ ಬಿಟ್ಟವರಿಗೆ ಚಳಿಗಾಲದ ಅಟ್ಲಾಂಟಿಕ್ಕನ್ನು ಹೇಳಿದ ದಿನಕ್ಕೆ ದಾಟುವ ಬಲ ಸಿಕ್ಕಿತು. ಎರಡನ್ನೂ ಒಂದೇ ಒಡಲಿನಲ್ಲಿ ಪೂರ್ಣವಾಗಿ ಪಡೆಯಲು ನೀರು ಬಿಡುವುದಿಲ್ಲ. ಮುಂದೆ ಯಾವುದಾದರೂ ಹಡಗಿನ ಬಣ್ಣದ ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದಾಗ ಅದರ ಉದ್ದ, ಅಗಲ, ವೇಗ ಈ ಮೂರು ಅಂಕೆಗಳನ್ನು ಹುಡುಕಿ ನೋಡಿ. ಆ ಹಡಗಿನಲ್ಲಿ ದಿನಗಳು ಹೇಗೆ ಕಳೆಯುತ್ತವೆಂಬುದನ್ನು ಚಿತ್ರಕ್ಕಿಂತ ಅವೇ ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತವೆ.