ನಾಯಿಗೆ ‘ವಯಸ್ಸಾತು’ ಅಂತ ಸುಮ್ಮನೆ ಬಿಡಬೇಡ್ರಿ: ಅದು ನೋವೂ ಇರಬಹುದು

ಕನಕಗಿರಿ: ಅಂಗಡಿ ಕಟ್ಟೆಯನ್ನು ಒಂದೇ ನೆಗೆತಕ್ಕೆ ಹತ್ತುತ್ತಿದ್ದ ನಾಯಿ ಈಗ ಕೆಳಗೇ ಮಲಗುತ್ತದೆ. ಬೆಳಗ್ಗೆ ಏಳುವಾಗ ಹಿಂಗಾಲು ಎಳೆಯುತ್ತದೆ. ಸೊಂಟ ಮುಟ್ಟಿದರೆ ಗುರ್ ಅನ್ನುತ್ತದೆ. ‘ವಯಸ್ಸಾತು ಬಿಡ್ರಿ’ ಅಂತ ಬಹಳ ಮಂದಿ ಸುಮ್ಮನಾಗುತ್ತಾರೆ. ಆದರೆ ಮುಪ್ಪು ಅಂದರೆ ರೋಗವಲ್ಲ. ಇಂಥ ಲಕ್ಷಣಗಳ ಹಿಂದೆ ಅನೇಕ ಸಲ ಸಂದು ನೋವು ಇರುತ್ತದೆ, ಅದನ್ನು ಕಡಿಮೆ ಮಾಡಲು ಔಷಧಿ ಇದೆ.

ದೊಡ್ಡ ಜಾತಿಯ ನಾಯಿಗಳಿಗೆ 6-7 ವರ್ಷಕ್ಕೆ, ನಮ್ಮ ಊರ ನಾಯಿಗಳಂಥ ಮಧ್ಯಮ ಗಾತ್ರದವಕ್ಕೆ 8-9 ವರ್ಷಕ್ಕೆ, ಸಣ್ಣ ಜಾತಿಯವಕ್ಕೆ 10ರ ಸುಮಾರಿಗೆ ಮುಪ್ಪು ಶುರುವಾಗುತ್ತದೆ. ಅಲ್ಲಿಂದ ಮುಂದೆ 6 ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮನುಷ್ಯರ ಗುಳಿಗೆ ಕೊಡಬೇಡಿ

ನಾಯಿ ಕುಂಟುತ್ತದೆ ಅಂತ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ರೊಟ್ಟಿಯಲ್ಲಿ ಇಟ್ಟು ಕೊಡುವುದು ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಲಿವರ್ ಹಾಳಾಗುತ್ತದೆ. ಮುದಿ ನಾಯಿಯ ಕಿಡ್ನಿ, ಲಿವರ್ ಮೊದಲೇ ಸೋತಿರಬಹುದು. ನಾಯಿಗೆಂದೇ ಬೇರೆ ಔಷಧಿ ಇದೆ, ಅದನ್ನು ತೂಕ ನೋಡಿ ವೈದ್ಯರೇ ಬರೆದುಕೊಡಬೇಕು. ಉಣ್ಣಿ ಹೋಗಲಿ ಅಂತ ಬೆಳೆಗೆ ಹೊಡೆಯುವ ಎಣ್ಣೆಯನ್ನು ಮೈಗೆ ಹಚ್ಚುವುದೂ ಬೇಡ. ಅದು ವಿಷ.

ಹಾಸಿಗೆ ಮತ್ತು ಬಿಸಿಲು

ಫರಸಿ ಕಲ್ಲಿನ ಮೇಲೆ ಮುದಿ ನಾಯಿಯ ಕಾಲು ಜಾರುತ್ತದೆ, ಎದ್ದೇಳಲು ತ್ರಾಸು. ಹಳೇ ಕೌದಿ ಮಡಚಿ ಹಾಸಿ, ಓಡಾಡುವ ಕಡೆ ಗೋಣಿಚೀಲ ಹಾಕಿ. ಮುಧೋಳ ನಾಯಿಯಂಥ ತೆಳ್ಳನೆ ಮೈಯವಕ್ಕಂತೂ ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ, ಸೊಂಟದ ಎಲುಬಿನ ಮೇಲೆ ಗಾಯ ಆಗುತ್ತದೆ. ಓಡಾಟ ಕಡಿಮೆಯಾದ ನಾಯಿಯ ಉಗುರು ಸವೆಯದೆ ಉದ್ದವಾಗುತ್ತವೆ, ಆಗಾಗ ಕತ್ತರಿಸಬೇಕು.

ನಾಯಿ ಮುಖ್ಯವಾಗಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ಮುದಿ ನಾಯಿ ಕಟ್ಟಬೇಡಿ. ಗಿಡದ ನೆರಳು, ತುಂಬಿದ ನೀರಿನ ಬುಟ್ಟಿ ಇರಲಿ. ಅಡ್ಡಾಡಿಸುವುದು ಬೆಳಗ್ಗೆ ಬಿಸಿಲೇರುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ. ಬಿಸಿಲಿಗೆ ತೂರಾಡಿ ಬಿದ್ದರೆ ಮೈಗೆ ನೀರು ಹಾಕಿ, ಫ್ಯಾನಿನ ಗಾಳಿ ಕೊಟ್ಟು, ಕೂಡಲೇ ದವಾಖಾನೆಗೆ ಒಯ್ಯಿರಿ.

ಏನು ತಿನ್ನಿಸಬೇಕು?

ಹಲ್ಲು ಸವೆದ ನಾಯಿಗೆ ಒಣ ರೊಟ್ಟಿ ಕಷ್ಟ. ಮಸಾಲೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದ ಮಾಂಸದ ನೀರಿನಲ್ಲಿ ರೊಟ್ಟಿ ಅಥವಾ ಅನ್ನ ನೆನೆಸಿ, ಬೇಯಿಸಿದ ತತ್ತಿ ಸೇರಿಸಿ ಕೊಡಬಹುದು. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಹಾಕದೆ ಎರಡು-ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಬೇಯಿಸಿದ ಎಲುಬು ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ, ಕೊಡಬೇಡಿ. ಮೈ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಿದ್ದರೆ ತೂಕ ಹೆಚ್ಚಾಗಿದೆ ಎಂದರ್ಥ, ಆ ಭಾರ ನೋಯುವ ಕಾಲಿನ ಮೇಲೇ ಬೀಳುತ್ತದೆ.

ತಡ ಮಾಡಬಾರದ ಲಕ್ಷಣಗಳು

ಒಮ್ಮೆಲೇ ಹೆಚ್ಚು ನೀರು ಕುಡಿದು ಪದೇ ಪದೇ ಉಚ್ಚೆ ಮಾಡಿದರೆ ಕಿಡ್ನಿ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದ ಕೆಲ ವಾರಗಳಲ್ಲಿ ಹೀಗೆ ಮಾಡಿ ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಇದೆ. ಅವತ್ತೇ ತೋರಿಸಬೇಕು. ಒಸಡು ಬೆಳ್ಳಗಾಗುವುದು, ಬಾಯಿ ವಾಸನೆ, ಮೈಮೇಲೆ ಬೆಳೆಯುವ ಗಂಟು, ಮಲಗಿದಾಗಲೂ ಕೆಮ್ಮು ಇವನ್ನೂ ಕಡೆಗಣಿಸಬೇಡಿ. ಕಣ್ಣು ಸ್ವಲ್ಪ ನೀಲಿ ಮಬ್ಬಾಗುವುದು ವಯಸ್ಸಿನ ಸಹಜ ಬದಲಾವಣೆ. ಪೂರ್ತಿ ಬೆಳ್ಳಗಾದರೆ ಪೊರೆ ಇರಬಹುದು.

ಮುದಿ ನಾಯಿ ಅಂತ ರೇಬೀಸ್ ಲಸಿಕೆ ಬಿಡುವಂತಿಲ್ಲ. ಅದು ಮನೆ ಮಕ್ಕಳ ಮತ್ತು ಅಂಗಡಿಗೆ ಬರುವ ಗಿರಾಕಿಗಳ ಸುರಕ್ಷತೆಯ ಪ್ರಶ್ನೆಯೂ ಹೌದು. ವರ್ಷಕ್ಕೊಮ್ಮೆ ಹಾಕಿಸಿ, ಚೀಟಿ ಜೋಪಾನ ಮಾಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ ಸಂಖ್ಯೆ 1962.

ವರ್ಷಗಟ್ಟಲೆ ರಾತ್ರಿ ಎಚ್ಚರವಿದ್ದು ಅಂಗಡಿ, ಹಟ್ಟಿ ಕಾಯ್ದ ಜೀವ ಅದು. ಈ ವಾರ ಒಂದು ದಿನ ಅದು ಹೇಗೆ ಏಳುತ್ತದೆ, ಹೇಗೆ ತಿನ್ನುತ್ತದೆ, ಎಷ್ಟು ನೀರು ಕುಡಿಯುತ್ತದೆ ಅಂತ ಗಮನವಿಟ್ಟು ನೋಡಿ. ವೈದ್ಯರು ಮೊದಲು ಕೇಳುವುದೂ ಇದನ್ನೇ.